ನಮ್ಮ ನೀರು ಬಳಕೆದಾರರ ಸಂಘ: ರಸೀದಿಗೆ ಐದು ಸ್ಟಾರ್, ಗೇಟಿಗೆ ಎರಡು

ಒಟ್ಟಾರೆ ಐದಕ್ಕೆ ಮೂರು ಕೊಡುತ್ತೇನೆ. ಸಂಘದ ಹೆಸರು, ಊರಿನ ಹೆಸರು ಹಾಕುವುದಿಲ್ಲ. ಆಡಳಿತ ಮಂಡಳಿಯಲ್ಲಿ ಅರ್ಧ ಜನ ನೆಂಟರೇ. ಮದುವೆ ಮುಂಜಿಯಲ್ಲಿ ಮುಖ ನೋಡಬೇಕಲ್ವಾ? ದಾವಣಗೆರೆ ತಾಲ್ಲೂಕು, ಭದ್ರಾ ಬಲದಂಡೆ ನಾಲೆಯ ಅಚ್ಚುಕಟ್ಟು, ಅದರಲ್ಲೂ ಕೊನೆ ಭಾಗ. ಈ ಕಡೆಯವರಿಗೆ ಇಷ್ಟು ಸಾಕು.

ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಿ ಆದವಳು. ಮನೆ ಇರುವುದು ದಾವಣಗೆರೆ ವಿದ್ಯಾನಗರದಲ್ಲಿ. ಯಜಮಾನರು ತೀರಿಕೊಂಡ ಮೇಲೆ ನಾಲ್ಕು ಎಕರೆ ಗದ್ದೆಯ ಲೆಕ್ಕ ನನ್ನ ಕೈಗೆ ಬಂತು. ಗದ್ದೆಯನ್ನು ಕೋರಿಗೆ, ಅಂದರೆ ಬೆಳೆಯಲ್ಲಿ ಪಾಲಿನ ಲೆಕ್ಕಕ್ಕೆ, ಕೊಟ್ಟಿದ್ದೇವೆ. ಆದರೆ ಪಹಣಿ ನನ್ನ ಹೆಸರಿನಲ್ಲಿ ಇರುವುದರಿಂದ ನೀರಿನ ಕರ, ನೋಟಿಸು, ಜಗಳ ಎಲ್ಲ ನನ್ನ ಹೆಸರಿಗೇ ಬರುತ್ತವೆ. ಹಾಗಾಗಿ ಈ ಸಂಘಕ್ಕೆ ನನ್ನ ಜಮೀನಿನ ಮೇಲೆ ಏನೇನು ಅಧಿಕಾರ ಇದೆ, ನಾನು ಅವರಿಂದ ಏನು ಕೇಳಬಹುದು ಅಂತ ಕುಳಿತು ಓದಿದೆ.

ಸಂಘ ನೋಂದಣಿ ಆಗುವುದು 1959ರ ಸಹಕಾರ ಸಂಘಗಳ ಕಾಯ್ದೆಯಲ್ಲಿ. ನೀರಿನ ವಿಷಯದಲ್ಲಿ ಅದು ನಡೆಯಬೇಕಾದದ್ದು 1965ರ ಕರ್ನಾಟಕ ನೀರಾವರಿ ಕಾಯ್ದೆಯ ಪ್ರಕಾರ. ಭದ್ರಾ ಜಲಾಶಯ ತುಂಬಿದರೆ 186 ಅಡಿ, ಸುಮಾರು 71.5 ಟಿಎಂಸಿ. ನಾಲೆಗೆ ಯಾವಾಗ ನೀರು, ಎಷ್ಟು ದಿನ ಎನ್ನುವುದು ನಮ್ಮ ಸಂಘದ ಕೈಯಲ್ಲಿ ಇಲ್ಲ. ಅದು ಶಿವಮೊಗ್ಗದ ಕಡೆ, ಕಾಡಾದ (ಅಚ್ಚುಕಟ್ಟು ಪ್ರದೇಶಾಭಿವೃದ್ಧಿ ಪ್ರಾಧಿಕಾರ) ಸಲಹಾ ಸಮಿತಿ ಸಭೆಯಲ್ಲಿ ತೀರ್ಮಾನ ಆಗುತ್ತದೆ. ಸಂಘದ ಕೆಲಸ ಉಪನಾಲೆಗೆ ಬಂದ ನೀರನ್ನು ಹಂಚುವುದು, ಕರ ವಸೂಲಿ ಮಾಡುವುದು, ಹೊಲಗಾಲುವೆ ನೋಡಿಕೊಳ್ಳುವುದು. ಆದ್ದರಿಂದ ಜಲಾಶಯದಲ್ಲಿ ನೀರಿಲ್ಲದ್ದಕ್ಕೆ ನಾನು ಸ್ಟಾರ್ ಕಡಿಮೆ ಮಾಡಿಲ್ಲ. 2023ರಲ್ಲಿ ಮಳೆ ಕೈಕೊಟ್ಟಾಗ ಇಲ್ಲಿನ ರೈತರು 100 ದಿನ ನೀರು ಬಿಡಿ ಎಂದು ಬೀದಿಗೆ ಇಳಿದಿದ್ದರು. ಆ ವರ್ಷದ ಕಷ್ಟವನ್ನು ಸಂಘದ ತಲೆಗೆ ಕಟ್ಟುವುದು ತಪ್ಪು.

ಮೊದಲು ಒಳ್ಳೆಯದು. ಕಚೇರಿ ಕೆಲಸ ನಿಜಕ್ಕೂ ಚೆನ್ನಾಗಿದೆ. ಪೌತಿ ಖಾತೆ ಆಗಿ ಪಹಣಿಯಲ್ಲಿ ನನ್ನ ಹೆಸರು ಬಂದ ಮೇಲೆ ಸದಸ್ಯತ್ವ ವರ್ಗಾವಣೆಗೆ ಅರ್ಜಿ ಕೊಟ್ಟೆ. ಕಾರ್ಯದರ್ಶಿ ಒಂದು ಸಲವೂ ‘ನಾಳೆ ಬನ್ನಿ’ ಎನ್ನಲಿಲ್ಲ. ನಮ್ಮ ಕಡೆ ಇದು ಸಣ್ಣ ಮಾತಲ್ಲ. ಕರ ಕಟ್ಟಿದರೆ ರಸೀದಿ ಕೈಗೆ ಬರುತ್ತದೆ. ಸರ್ವೆ ನಂಬರು, ಎಕರೆ, ಬೆಳೆ ಎಲ್ಲ ಬರೆದಿರುತ್ತದೆ. ಭತ್ತಕ್ಕೆ ಎಕರೆಗೆ 100 ರೂಪಾಯಿ, ಕಬ್ಬಿಗೆ 400. ನನ್ನ ನಾಲ್ಕು ಎಕರೆ ಭತ್ತಕ್ಕೆ ಒಂದು ಬೆಳೆಗೆ 400 ರೂಪಾಯಿ ಆಯಿತು. ಮೊಮ್ಮಕ್ಕಳನ್ನು ಕರೆದುಕೊಂಡು ಬೆಣ್ಣೆ ದೋಸೆ ತಿನ್ನಲು ಹೋದರೆ ಅದಕ್ಕಿಂತ ಜಾಸ್ತಿ ಬಿಲ್ ಆಗುತ್ತದೆ. ಇಷ್ಟು ಕಡಿಮೆ ದರ ಇಟ್ಟುಕೊಂಡು ನಾಲೆ ರಿಪೇರಿ ಮಾಡಿ ಅಂದರೆ ದುಡ್ಡು ಎಲ್ಲಿಂದ ಬರಬೇಕು ಅಂತ ನನಗೂ ಅನ್ನಿಸುತ್ತದೆ. ಆದರೆ ಇದನ್ನು ಸಭೆಯಲ್ಲಿ ಹೇಳಿದರೆ ಮಿರ್ಚಿ ಮಂಡಕ್ಕಿ ತಿನ್ನುತ್ತಿದ್ದವರೂ ತಟ್ಟೆ ಕೆಳಗಿಟ್ಟು ನನ್ನನ್ನೇ ನೋಡುತ್ತಾರೆ.

ಕರ ಚಿಕ್ಕದು ಅಂತ ಸುಮ್ನೆ ಇರಬೇಡಿ. ಬಾಕಿ ಉಳಿದರೆ ಅದನ್ನು ಭೂಕಂದಾಯದ ಬಾಕಿಯ ಹಾಗೆ ವಸೂಲಿ ಮಾಡಲು ಕಾಯ್ದೆಯಲ್ಲಿ ಅವಕಾಶ ಇದೆ. ಅಂದರೆ ವಿಷಯ ಸಂಘದಿಂದ ತಾಲ್ಲೂಕು ಕಚೇರಿಗೆ ಹೋಗಬಹುದು, ಜಪ್ತಿಯವರೆಗೂ ಹೋಗಬಹುದು. ಸಾಮಾನ್ಯವಾಗಿ ಅಷ್ಟು ದೂರ ಹೋಗುವುದಿಲ್ಲ. ಆದರೂ ಈ ಭಾಗದಲ್ಲಿ ಗದ್ದೆ ಕೊಳ್ಳುವವರು ಋಣಭಾರ ಪತ್ರ ನೋಡಿ ಸುಮ್ಮನಾಗದೆ, ಸಂಘದಿಂದ ‘ನೀರಿನ ಕರ ಬಾಕಿ ಇಲ್ಲ’ ಎಂಬ ಚೀಟಿಯನ್ನೂ ಬರೆಸಿಕೊಳ್ಳಿ. ನಮ್ಮ ಕಾರ್ಯದರ್ಶಿ ಕೇಳಿದ ದಿನವೇ ಕೊಡುತ್ತಾರೆ.

ಇನ್ನು ಹೊಲಗಾಲುವೆ. ನನ್ನ ಗದ್ದೆಯ ಒಂದು ಅಂಚಿನಲ್ಲಿ ಕಾಲುವೆ ಹೋಗುತ್ತದೆ. ಕೆಳಗಿನವರ ಗದ್ದೆಗಳಿಗೆ ನೀರು ಅದರಲ್ಲೇ. ಜಮೀನು ನನ್ನದು, ಪಹಣಿ ನನ್ನದು, ಆದರೆ ಆ ಕಾಲುವೆಯನ್ನು ಮುಚ್ಚುವ ಹಕ್ಕು ನನಗಿಲ್ಲ. ಸರಿಯೇ ಅದು. ಹೊಸದಾಗಿ ಇನ್ನೊಬ್ಬರ ಜಮೀನಿನಲ್ಲಿ ಕಾಲುವೆ ಬೇಕೆಂದರೆ ಅರ್ಜಿ, ವಿಚಾರಣೆ, ಜಾಗಕ್ಕೆ ಪರಿಹಾರ ಎಲ್ಲ ಆಗಬೇಕು. ಸುಮ್ನೆ ಜೆಸಿಬಿ ತಂದು ತೋಡುವ ಹಾಗಿಲ್ಲ. ಇದ್ದ ಕಾಲುವೆಯ ಹೂಳು ತೆಗೆಯುವುದು ಅದರ ನೀರು ಬಳಸುವವರ ಜವಾಬ್ದಾರಿ. ಅವರು ಮಾಡದೆ ಹೋದರೆ ಅಧಿಕಾರಿಗಳು ಮಾಡಿಸಿ, ಖರ್ಚನ್ನು ಅವರಿಂದಲೇ ವಸೂಲಿ ಮಾಡಬಹುದು.

ಇಷ್ಟೆಲ್ಲ ಅಧಿಕಾರ ಕೆಲಸಕ್ಕೆ ಬರುತ್ತದಾ? ನನ್ನ ಮೇಲಿನ ಗದ್ದೆಯವರು ಬದು ಸರಿಸುತ್ತಾ ಸರಿಸುತ್ತಾ ಕಾಲುವೆಯನ್ನು ಅರ್ಧಕ್ಕೆ ತಂದಿದ್ದರು. ನಾನು ದೂರನ್ನು ಬರೆದು ಕೊಟ್ಟೆ. ಸಂಘದವರು ಸರ್ವೆ ನಕ್ಷೆ ಹಿಡಿದು ಬಂದರು, ಟೇಪು ಹಿಡಿದರು, ಬದುವಿನ ಮೇಲೆ ನಿಂತು ಪಂಚಾಯಿತಿ ಮಾಡಿದರು. ಕಾಲುವೆ ಮೊದಲಿನ ಅಗಲಕ್ಕೆ ಬಂತು. ಆದರೆ ಅಷ್ಟರಲ್ಲಿ ಒಂದು ಬೆಳೆ ಮುಗಿದಿತ್ತು. ಅದೇ ಹೊತ್ತಿನಲ್ಲಿ ಕೆಳಗಿನ ಒಬ್ಬ ಸಣ್ಣ ರೈತ ತನ್ನ ಪಾಲಿನ ಹೂಳು ತೆಗೆದಿಲ್ಲ ಅಂತ ಅವನಿಗೆ ನೋಟಿಸು ವಾರದೊಳಗೆ ಹೋಗಿತ್ತು. ಎರಡನ್ನೂ ನೋಡಿದ್ದು ಇದೇ ಸಂಘ. ನನ್ನ ಮುಖ್ಯ ದೂರು ಇರುವುದೇ ಇಲ್ಲಿ: ಈ ಸಂಘಕ್ಕೆ ಅಧಿಕಾರ ಕಡಿಮೆ ಇಲ್ಲ, ಅದು ಕೆಳಗಿನವರ ಕಡೆಗೆ ಬೇಗ ಓಡುತ್ತದೆ, ಮೇಲಿನವರ ಕಡೆಗೆ ಕುಂಟುತ್ತದೆ.

ಗೇಟಿಗೆ, ಅಂದರೆ ನೀರು ಹಂಚುವ ಕೆಲಸಕ್ಕೆ, ಎರಡು ಸ್ಟಾರ್ ಕೊಟ್ಟಿದ್ದೂ ಅದಕ್ಕೇ. ಸರದಿ ಪಟ್ಟಿಯನ್ನು ಸಂಘದ ಗೋಡೆಗೆ ಅಂಟಿಸುತ್ತಾರೆ, ವಾಟ್ಸ್ಆ್ಯಪ್ ಗುಂಪಿಗೂ ಹಾಕುತ್ತಾರೆ. ಎಕರೆ ಲೆಕ್ಕದಲ್ಲಿ ಗಂಟೆ ಭಾಗ ಮಾಡಿರುತ್ತಾರೆ. ನಾನು ಹಳೇ ಚಾಳಿಯಂತೆ ಕೂಡಿಸಿ ನೋಡಿದ್ದೇನೆ, ಲೆಕ್ಕ ಸರಿ ಇದೆ. ತೊಂದರೆ ಏನೆಂದರೆ ನನ್ನ ಸರದಿ ಬರುವ ರಾತ್ರಿ ಕಾಲುವೆಯಲ್ಲಿ ಪಾದ ಮುಳುಗುವಷ್ಟೂ ನೀರು ಇರುವುದಿಲ್ಲ. ಕಾಲುವೆಗೆ ನೀರು ಬಿಡುವ ಸೌಡಿಯನ್ನು ಕೇಳಿದೆ. ಪಾಪ, ಆತ ಟಾರ್ಚ್ ಹಿಡಿದು ರಾತ್ರಿಯೆಲ್ಲ ಓಡಾಡುವ ಮನುಷ್ಯ. “ಪಟ್ಟಿಯೊಳಗ ನೀರು ಐತ್ರೀ ಅಕ್ಕಾರೆ, ಕಾಲುವೆಯೊಳಗ ಇಲ್ಲ” ಎಂದ.

ನೀರು ಎಲ್ಲಿ ಹೋಗುತ್ತದೆ ಎನ್ನುವುದು ಗುಟ್ಟೇನಲ್ಲ. ಮೇಲೆ ನಾಲೆಗೇ ಪಂಪ್‌ಸೆಟ್ ಇಟ್ಟು ತೋಟಕ್ಕೆ ಎತ್ತುತ್ತಾರೆ. ಭತ್ತ ಬೆಳೆಯುತ್ತಿದ್ದ ಜಮೀನುಗಳು ಒಂದೊಂದಾಗಿ ಅಡಿಕೆ ತೋಟ ಆಗುತ್ತಿವೆ. ಗದ್ದೆಗೆ ನೀರು ಬೇಕಾದದ್ದು ಬೆಳೆಯ ದಿನಗಳಲ್ಲಿ, ತೋಟಕ್ಕೆ ವರ್ಷ ಪೂರ್ತಿ ಬೇಕು. ಅನುಮತಿ ಇಲ್ಲದೆ ನಾಲೆಯಿಂದ ನೀರು ಎತ್ತುವುದು ನೀರಾವರಿ ಕಾಯ್ದೆಯಲ್ಲಿ ಅಪರಾಧ. ಕೊನೆ ಭಾಗದವರಿಗೆ ನೀರು ತಲುಪಲಿ ಅಂತಲೇ 2024ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಶಿಕ್ಷೆ ಜಾಸ್ತಿ ಮಾಡಿದರು. ಸಂಘಕ್ಕೆ ತಾನೇ ಕೇಸು ಹಾಕುವ ಶಕ್ತಿ ಇಲ್ಲದಿರಬಹುದು, ಆದರೆ ಪಂಪು ಎಲ್ಲಿದೆ, ಯಾರದ್ದು ಅಂತ ಪಟ್ಟಿ ಮಾಡಿ ಎಂಜಿನಿಯರಿಗೆ ಕೊಡಲು ಯಾರ ಅಪ್ಪಣೆಯೂ ಬೇಡ. ನಾನು ಬರೆದ ಪತ್ರಕ್ಕೆ ಬಂದ ಉತ್ತರ ಇಷ್ಟೇ: ‘ತಮ್ಮ ಮನವಿಯನ್ನು ಪರಿಶೀಲಿಸಲಾಗುವುದು.’ ಲೆಟರ್‌ಹೆಡ್ ಮಾತ್ರ ಬಹಳ ಚೆನ್ನಾಗಿ ಪ್ರಿಂಟ್ ಮಾಡಿಸಿದ್ದಾರೆ.

ಮಗಳು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಇದ್ದಾಳೆ. ಅವಳ ಹತ್ತಿರ ಇದನ್ನೆಲ್ಲ ತೋಡಿಕೊಂಡಾಗ, ಅಲ್ಲಿಯೂ ನೀರು ಹಂಚಲು ನೀರಾವರಿ ಜಿಲ್ಲೆಗಳು ಅಂತ ಇವೆ, ಓದು ಅಂತ ಕಳಿಸಿದಳು. ಅಲ್ಲಿ 1887ರಲ್ಲೇ ರೈಟ್ ಕಾಯ್ದೆ ಅಂತ ಬಂತು. ರೈತರೇ ಸೇರಿ ಜಿಲ್ಲೆ ಕಟ್ಟಿಕೊಂಡು, ಜಮೀನಿನ ಮೇಲೆ ತೆರಿಗೆ ಹಾಕಬಹುದು, ಸಾಲಪತ್ರ ಮಾರಿ ನಾಲೆ ತೋಡಬಹುದು, ಬೇಕಾದ ಜಾಗವನ್ನು ಪರಿಹಾರ ಕೊಟ್ಟು ಕಡ್ಡಾಯವಾಗಿ ತೆಗೆದುಕೊಳ್ಳಬಹುದು. ತೆರಿಗೆ ಕಟ್ಟದಿದ್ದರೆ ಜಮೀನು ಹರಾಜು. ಇದು ಅನ್ಯಾಯ ಅಂತ ಕೆಲವರು ಕೋರ್ಟಿಗೆ ಹೋದರು. 1896ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕಾಯ್ದೆಯನ್ನೇ ಎತ್ತಿಹಿಡಿಯಿತು. ಇನ್ನೊಂದು ಥರದ ನೀರಿನ ಜಿಲ್ಲೆಯಲ್ಲಿ ಜಮೀನಿನ ಮಾಲೀಕರಿಗೆ ಮಾತ್ರ ಓಟು, ಅದೂ ಜಮೀನಿನ ಬೆಲೆಗೆ ತಕ್ಕ ಹಾಗೆ. ಇದನ್ನೂ ಕೋರ್ಟು 1973ರಲ್ಲಿ ಸರಿ ಎಂದಿತು. ನಮ್ಮದು ಸಹಕಾರ ಸಂಘ. ನಾಲ್ಕು ಎಕರೆಯ ನನಗೂ ನಲವತ್ತು ಎಕರೆಯವರಿಗೂ ಒಂದೊಂದೇ ಓಟು. ಅಮೆರಿಕದ ಲೆಕ್ಕ ಇಲ್ಲಿ ಬಂದರೆ ಮೇಲಿನ ತೋಟದವರೇ ಅಧ್ಯಕ್ಷರಾಗುತ್ತಿದ್ದರು. ಈಗಲೂ ಅವರೇ ಅಧ್ಯಕ್ಷರು, ಅದು ಬೇರೆ ಮಾತು.

ಸ್ಟಾರ್ ಜಾಸ್ತಿ ಮಾಡಲು ನಾನು ಕೇಳುವುದು ದೊಡ್ಡದೇನಲ್ಲ. ಉಪನಾಲೆ ಶುರುವಾಗುವ ಕಡೆ, ನಡುವೆ, ಕೊನೆಯಲ್ಲಿ ಒಂದೊಂದು ಅಳತೆ ಪಟ್ಟಿಯನ್ನು ಬಣ್ಣದಲ್ಲಿ ಬರೆಸಿ. ದಿನಾ ಬೆಳಿಗ್ಗೆ, ರಾತ್ರಿ ಎಷ್ಟು ಇಂಚು ನೀರಿದೆ ಅಂತ ಸೌಡಿ ಫೋಟೋ ತೆಗೆದು ಗುಂಪಿಗೆ ಹಾಕಲಿ. ಮೊದಲಲ್ಲಿ ಎಷ್ಟು, ಕೊನೆಯಲ್ಲಿ ಎಷ್ಟು ಅಂತ ಎಲ್ಲರ ಮೊಬೈಲಿನಲ್ಲಿ ಕಂಡರೆ, ಪಂಪಿನವರ ಹೆಸರನ್ನು ನಾನು ಹೇಳುವ ಅಗತ್ಯವೇ ಬರುವುದಿಲ್ಲ. ಹೋದ ಮಹಾಸಭೆಯಲ್ಲಿ ಇದನ್ನು ಹೇಳಿದೆ. ನಡಾವಳಿ ಪುಸ್ತಕದಲ್ಲಿ ಬರೆಸಿಯೇ ಎದ್ದು ಬಂದೆ. ಹಿಂದಿನ ಸಾಲಿನಲ್ಲಿ ಕೂತಿದ್ದವರೊಬ್ಬರು “ಟೀಚರಮ್ಮಾರು ಮುಂದಿನ ಸಲ ಮಹಿಳಾ ಸ್ಥಾನಕ್ಕೆ ನಿಂದ್ರಬೇಕು” ಎಂದರು. ತಮಾಷೆಗೋ ನಿಜಕ್ಕೋ ತಿಳಿಯಲಿಲ್ಲ. ಯೋಚನೆ ಮಾಡುತ್ತಿದ್ದೇನೆ.

ಹೊಸದಾಗಿ ಸದಸ್ಯರಾಗುವವರು ಪಹಣಿ, ಆಧಾರ್ ಜೆರಾಕ್ಸ್, ಹಳೇ ಕರದ ರಸೀದಿ ತೆಗೆದುಕೊಂಡು ಹೋಗಿ. ದೂರು ಏನಿದ್ದರೂ ಬರೆದು ಕೊಡಿ, ಒಂದು ಪ್ರತಿಗೆ ಸೀಲು ಹಾಕಿಸಿಕೊಳ್ಳಿ. ಬಾಯಲ್ಲಿ ಹೇಳಿದ್ದು ಕಟ್ಟೆ ದಾಟುವುದಿಲ್ಲ. ನಾಲೆಗೆ ನೀರು ಬಿಟ್ಟ ದಿನಗಳಲ್ಲಿ ಕಾರ್ಯದರ್ಶಿ ಕಚೇರಿಯಲ್ಲಿ ಸಿಗುವುದು ಕಷ್ಟ, ಫೋನ್ ಮಾಡಿಕೊಂಡೇ ಹೋಗಿ.