ಹಳೆಯ ಕಾರಿಗೆ ‘ಫುಲ್ ಇನ್ಶೂರೆನ್ಸ್’ ಇದೆ ಎಂದು ನೆಮ್ಮದಿಯಾಗಿರುವವರು ಒಮ್ಮೆ ಪಾಲಿಸಿ ತೆಗೆದು ನೋಡಿ

1967ರ ಒಂದು ಫಿಯೆಟ್ 1100 ಡಿಲೈಟ್. ಟಿಂಕರಿಂಗ್‌ನಿಂದ ಹಿಡಿದು ಕ್ರೋಮ್, ಸೀಟಿನ ಹೊದಿಕೆವರೆಗೆ 5 ಲಕ್ಷ ರೂಪಾಯಿ ಸುರಿದು ಎಬ್ಬಿಸಿ ನಿಲ್ಲಿಸಿದ ಗಾಡಿ. ಮೈಸೂರಿನಲ್ಲಿ ಮದುಮಕ್ಕಳನ್ನು ಛತ್ರಕ್ಕೆ ಬಿಟ್ಟು ವಾಪಸ್ ಬರುವಾಗ ಮುಂದಿದ್ದ ಟೆಂಪೋಗೆ ಹೋಗಿ ಗುದ್ದಿತು. ಯಾರಿಗೂ ಏಟಾಗಲಿಲ್ಲ. ಗಾಡಿಯ ಮೂತಿ ಹೋಯಿತು: ಗ್ರಿಲ್, ಬಂಪರ್, ಎಡಗಡೆ ಮಡ್‌ಗಾರ್ಡ್, ಹೆಡ್‌ಲೈಟ್, ರೇಡಿಯೇಟರ್. ಪಾಲಿಸಿ ಚಾಲ್ತಿಯಲ್ಲಿತ್ತು, ಪ್ರೀಮಿಯಂ ಕಟ್ಟಿತ್ತು, ಓಡಿಸುತ್ತಿದ್ದವರ ಲೈಸೆನ್ಸೂ ಸರಿಯಾಗಿತ್ತು. ಇಷ್ಟಿದ್ದೂ ಮಾಲೀಕರ ಕೈಗೆ ಒಂದು ರೂಪಾಯಿ ಬರಲಿಲ್ಲ. ತಪ್ಪು ಆಗಿದ್ದು ಟೆಂಪೋಗೆ ಗುದ್ದಿದ ಗಳಿಗೆಯಲ್ಲಿ ಅಲ್ಲ, ಅದಕ್ಕೂ ಮುಂಚೆ. ಅದೂ ಒಂದಲ್ಲ, ಎರಡು ತಪ್ಪು.

ಮೊದಲನೆಯದು ಐಡಿವಿ, ಅಂದರೆ ಪಾಲಿಸಿಯಲ್ಲಿ ಗಾಡಿಗೆ ಬರೆದಿರುವ ಬೆಲೆ. ಗಾಡಿಗೆ 5 ವರ್ಷ ಆಗುವವರೆಗೆ ಐಡಿವಿಗೆ ಒಂದು ಕೋಷ್ಟಕ ಇದೆ, ವರ್ಷಕ್ಕಿಷ್ಟು ಸವಕಳಿ ಎಂದು. 5 ವರ್ಷ ದಾಟಿದ ಗಾಡಿಗೂ ತಯಾರಿಕೆ ನಿಂತುಹೋದ ಮಾಡೆಲ್‌ಗೂ ಆ ಕೋಷ್ಟಕ ಅನ್ವಯಿಸುವುದಿಲ್ಲ. ಅಲ್ಲಿ ಐಡಿವಿ ಅಂದರೆ ನೀವೂ ಕಂಪನಿಯೂ ಕೂತು ಒಪ್ಪಿಕೊಂಡ ಮೊತ್ತ. ಆದರೆ ಯಾರೂ ಕೂರುವುದಿಲ್ಲ. ಏಜೆಂಟ್ ಫೋನ್ ಮಾಡುತ್ತಾರೆ, “ಸರ್, ಹೋದ ಸಲದ ಹಾಗೇ ಮಾಡ್ಲಾ?” ಅನ್ನುತ್ತಾರೆ, ಮಾಲೀಕರು ಹೂಂ ಅನ್ನುತ್ತಾರೆ. ಈ ಫಿಯೆಟ್‌ನ ಐಡಿವಿ ಹೀಗೇ ವರ್ಷದಿಂದ ವರ್ಷಕ್ಕೆ 60,000 ಎಂದು ನಡೆದುಕೊಂಡು ಬಂದಿತ್ತು.

ಈಗ ಲೆಕ್ಕ ನೋಡಿ. ಗ್ಯಾರೇಜಿನವರು ಕೊಟ್ಟ ಎಸ್ಟಿಮೇಟ್ 1,12,000: ಬಿಡಿಭಾಗಕ್ಕೆ 54,000, ಟಿಂಕರಿಂಗ್ ಮತ್ತು ಫಿಟ್ಟಿಂಗ್ ಕೂಲಿ 28,000, ಪೇಂಟಿಂಗ್ 30,000. 10 ವರ್ಷ ದಾಟಿದ ಗಾಡಿಯ ಲೋಹದ ಭಾಗಕ್ಕೆ 50% ಸವಕಳಿ ಕಳೆಯುತ್ತಾರೆ. ರಬ್ಬರ್, ಪ್ಲಾಸ್ಟಿಕ್, ಟೈರು, ಬ್ಯಾಟರಿಗೂ 50%. ಗಾಜಿಗೆ ಸವಕಳಿ ಇಲ್ಲ. ಕೂಲಿಗೂ ಇಲ್ಲ. ಪೇಂಟಿಂಗ್ ಬಿಲ್ ಒಟ್ಟಾಗಿದ್ದರೆ ಅದರಲ್ಲಿ 25% ಬಣ್ಣದ ಸಾಮಾನಿನದು ಎಂದು ಹಿಡಿದು ಅಷ್ಟಕ್ಕೆ ಮಾತ್ರ 50% ಕಳೆಯುತ್ತಾರೆ. ಹೀಗೆ 27,000 + 28,000 + 26,250, ಒಟ್ಟು 81,250. 1500 ಸಿಸಿ ಒಳಗಿನ ಕಾರಾದ್ದರಿಂದ ಕಡ್ಡಾಯ ಕಡಿತ 1,000. ಉಳಿಯುವುದು 80,250. ಐಡಿವಿ 4 ಲಕ್ಷ ಇದ್ದಿದ್ದರೆ ಈ 80,250 ಬರುತ್ತಿತ್ತು, ಉಳಿದ 31,750 ಕೈಯಿಂದ ಹಾಕಿಕೊಂಡು ಗಾಡಿ ರಿಪೇರಿ ಆಗುತ್ತಿತ್ತು.

ಆದರೆ ರಿಪೇರಿ ವೆಚ್ಚ ಐಡಿವಿಯ 75% ದಾಟಿದರೆ ಅದು ರಿಪೇರಿ ಕ್ಲೇಮ್ ಆಗಿ ಉಳಿಯುವುದಿಲ್ಲ, ಟೋಟಲ್ ಲಾಸ್ ಆಗುತ್ತದೆ, ಅಂದರೆ ಗಾಡಿ ಪೂರ್ತಿ ಹೋಯಿತು ಎಂದೇ ಲೆಕ್ಕ. 60,000ದ 75% ಅಂದರೆ 45,000. ಮೂತಿ ಜಜ್ಜಿದ್ದು ಬಿಟ್ಟರೆ ಎಂಜಿನ್, ಗೇರ್‌ಬಾಕ್ಸ್, ಬಾಡಿ ಎಲ್ಲ ಗಟ್ಟಿಯಾಗಿರುವ, 5 ಲಕ್ಷ ತಿಂದ ಗಾಡಿಗೆ ಐಡಿವಿಯಲ್ಲಿ ಆ 1,000 ಕಳೆದು ಕಾಗದದ ಮೇಲೆ 59,000 ಕಟ್ಟಿ ಗುಜರಿಯ ಲೆಕ್ಕಕ್ಕೆ ಬರೆದುಬಿಡುತ್ತಾರೆ. ಗಾಡಿ ನಮಗೇ ಬೇಕು ಅಂದರೆ ಗುಜರಿ ಬೆಲೆ ಕಳೆದು ಮಿಕ್ಕಿದ್ದನ್ನು ಕೊಡುತ್ತಾರೆ. ಹಾನಿಯ ಲೆಕ್ಕ ಹಾಕುವ ಸರ್ವೇಯರ್ ಇದರಲ್ಲಿ ಮೋಸ ಮಾಡಿಲ್ಲ. ನೀವು ಸಹಿ ಹಾಕಿದ ಅಂಕಿಯನ್ನೇ ಅವರು ಹಿಡಿದದ್ದು. ಇದರಿಂದ ಉಳಿಸಿದ್ದಾದರೂ ಎಷ್ಟು? ಮೋಟಾರ್ ಇನ್ಶೂರೆನ್ಸ್‌ನ ಹಳೆಯ ಟ್ಯಾರಿಫ್‌ನಲ್ಲಿ, ಅಂದರೆ ದರಪಟ್ಟಿಯಲ್ಲಿ, ಇಂಥ ಕಾರಿನ ಸ್ವಂತ ಹಾನಿ (ನಮ್ಮದೇ ಗಾಡಿಗಾದ ಹಾನಿ) ಪ್ರೀಮಿಯಂ ಐಡಿವಿಯ 3.5% ಆಸುಪಾಸು. 60,000ಕ್ಕೆ 2,100, 4 ಲಕ್ಷಕ್ಕೆ 14,000. ಈಗ ಕಂಪನಿಗಳು ಇದರ ಮೇಲೆ ರಿಯಾಯಿತಿಯನ್ನೂ ಕೊಡುತ್ತವೆ.

ಎರಡನೆಯ ತಪ್ಪು 59,000ವನ್ನೂ ನುಂಗಿತು. ಸರ್ವೇಯರ್ ಬಂದಾಗ ಗ್ರಿಲ್‌ನ ಸಂದಿಯಲ್ಲಿ ಬಾಡಿದ ಗುಲಾಬಿ ಎಸಳು ಸಿಕ್ಕಿಕೊಂಡಿತ್ತು, ಬಾನೆಟ್ ಅಂಚಿನಲ್ಲಿ ಹೂವಿನ ಹಾರ ಅಂಟಿಸಿದ ಟೇಪು ಹಾಗೇ ಇತ್ತು. ಯಾರ ಮದುವೆ ಎಂದು ಕೇಳಿದರು. ಮಾಲೀಕರು ಪರಿಚಯದವರದು ಅಂದರು. ಆದರೆ ಆ ಪರಿಚಯದವರು ಹಿಂದಿನ ದಿನ ಮೊಬೈಲಿನಲ್ಲಿ 8,000 ಕಳಿಸಿದ್ದರು, ಜೊತೆಗೆ “ಕಾರ್ ಬಾಡಿಗೆ” ಎಂಬ ಎರಡು ಪದ.

ಖಾಸಗಿ ಕಾರಿನ ಪಾಲಿಸಿಯಲ್ಲಿ ಬಳಕೆಯ ಮಿತಿ ಎಂದು ಒಂದು ಪ್ಯಾರಾ ಇರುತ್ತದೆ, ಎಲ್ಲ ಕಂಪನಿಯದೂ ಹೆಚ್ಚುಕಡಿಮೆ ಒಂದೇ. ಬಾಡಿಗೆ ಅಥವಾ ಪ್ರತಿಫಲಕ್ಕೆ ಓಡಿಸುವುದು, ಸ್ಯಾಂಪಲ್ ಮತ್ತು ಸ್ವಂತ ಲಗೇಜು ಬಿಟ್ಟು ಬೇರೆ ಸರಕು ಸಾಗಿಸುವುದು, ರೇಸ್, ಪೇಸ್ ಮೇಕಿಂಗ್ (ರೇಸಿನಲ್ಲಿ ಮುಂದೆ ಓಡಿ ವೇಗ ಹಿಡಿದುಕೊಡುವುದು), ವೇಗ ಪರೀಕ್ಷೆ, ರಿಲಯಬಿಲಿಟಿ ಟ್ರಯಲ್ (ಗಾಡಿಯ ತಾಳಿಕೆಯ ಪರೀಕ್ಷೆ), ಮೋಟಾರು ವ್ಯಾಪಾರಕ್ಕೆ ಸಂಬಂಧಿಸಿದ ಬಳಕೆ, ಇವು ಯಾವುದಕ್ಕೂ ರಕ್ಷಣೆ ಇಲ್ಲ. ಮದುವೆ ದಿಬ್ಬಣ, ಪ್ರಿ-ವೆಡ್ಡಿಂಗ್ ಫೋಟೊ, ಸಿನಿಮಾ ಮತ್ತು ಸೀರಿಯಲ್ ಶೂಟಿಂಗ್‌ಗೆ ದುಡ್ಡು ತೆಗೆದುಕೊಂಡು ಕೊಟ್ಟರೆ ಅದು ಬಾಡಿಗೆಯೇ. ‘ಪೆಟ್ರೋಲ್ ಖರ್ಚಿಗೆ’ ಎಂದು ಇಸಿದುಕೊಂಡರೂ ಇದೇ ಪ್ರಶ್ನೆ ಏಳುತ್ತದೆ. ನೆಂಟರ ಮದುವೆಗೆ ಕೊಡುವುದಾದರೆ ಒಂದು ಪೈಸೆ ಮುಟ್ಟದೆ ಕೊಡಿ.

ಇಂಥ ಪ್ರಕರಣಗಳಲ್ಲಿ ಏನೂ ಆಸೆಯಿಲ್ಲ ಎಂದಲ್ಲ. ಬಾಡಿಗೆಗೆ ಓಡುತ್ತಿದ್ದ ಖಾಸಗಿ ವಾಹನ ಕಳವಾದ ಒಂದು ಪ್ರಕರಣದಲ್ಲಿ 2008ರಲ್ಲಿ ಸುಪ್ರೀಂ ಕೋರ್ಟ್, ಕಳವಿಗೂ ಬಳಕೆಗೂ ಸಂಬಂಧವಿಲ್ಲ ಎಂದು ಕ್ಲೇಮಿನ 75% ಕೊಡುವುದನ್ನು ಎತ್ತಿಹಿಡಿದಿತ್ತು. ಆದರೆ ಬಾಡಿಗೆಯ ಓಡಾಟದಲ್ಲೇ ಅಪಘಾತವಾದಾಗ ಆ ವಾದ ಅಷ್ಟು ಸಲೀಸಾಗಿ ನಿಲ್ಲುವುದಿಲ್ಲ. ನಿಜವಾಗಿ ಭಯಪಡಬೇಕಾದದ್ದು ಇನ್ನೊಂದು. ದಾರಿಯಲ್ಲಿ ಒಬ್ಬ ಮನುಷ್ಯನಿಗೆ ಏಟಾಗಿದ್ದರೆ, ಷರತ್ತು ಮುರಿದ ಕಾರಣಕ್ಕೆ ಕಂಪನಿ ಆ ಕುಟುಂಬಕ್ಕೆ ಪರಿಹಾರ ಕಟ್ಟಿ ಅಷ್ಟನ್ನೂ ಮಾಲೀಕರಿಂದ ವಸೂಲು ಮಾಡಲು ನ್ಯಾಯಮಂಡಳಿ ಆದೇಶ ಕೊಡಬಹುದು. ಆ ಮೊತ್ತ ಲಕ್ಷಗಳಲ್ಲಿ ಇರುತ್ತದೆ. 8,000ದ ಬಾಡಿಗೆಗೆ ಮನೆ ಮಾರುವ ಪರಿಸ್ಥಿತಿ ತಂದುಕೊಳ್ಳಬೇಡಿ.

ಇನ್ನು ‘ವಿಂಟೇಜ್’ ಎಂಬ ಪದದ ಗೊಂದಲ. ಇದಕ್ಕೆ ಎರಡು ಕಡೆ ಎರಡು ಅರ್ಥ, ಜನ ಮೋಸ ಹೋಗುವುದು ಇಲ್ಲೇ.

ಇನ್ಶೂರೆನ್ಸ್‌ನ ಹಳೆಯ ಮೋಟಾರ್ ಟ್ಯಾರಿಫ್ ಪ್ರಕಾರ ವಿಂಟೇಜ್ ಕಾರು ಅಂದರೆ 31-12-1940ಕ್ಕಿಂತ ಮುಂಚೆ ತಯಾರಾಗಿ, ವಿಂಟೇಜ್ ಅಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರ ಪಡೆದದ್ದು. ‘ಅಗ್ರೀಡ್ ವ್ಯಾಲ್ಯೂ’ ಪಾಲಿಸಿ, ಅಂದರೆ ಗಾಡಿ ಪೂರ್ತಿ ಹೋದರೆ ಮೊದಲೇ ಒಪ್ಪಿದ ಮೊತ್ತವನ್ನು ಸವಕಳಿ ಕಳೆಯದೆ ಕೊಡುವ ಪಾಲಿಸಿ, ಟ್ಯಾರಿಫ್ ಪ್ರಕಾರ ಇಂಥವಕ್ಕೆ ಮಾತ್ರ. ಪ್ರಮಾಣಪತ್ರ ಇದ್ದರೆ ಸ್ವಂತ ಹಾನಿ ಪ್ರೀಮಿಯಂನಲ್ಲಿ 25% ರಿಯಾಯಿತಿಯೂ ಇದೆ, ಪಾಲಿಸಿಯಲ್ಲಿ ಅದು ಐಎಂಟಿ-9 ಎಂಬ ಎಂಡಾರ್ಸ್‌ಮೆಂಟ್ (ಪಾಲಿಸಿಗೆ ಸೇರಿಸುವ ಹೆಚ್ಚುವರಿ ಷರತ್ತು) ಎಂದು ನಮೂದಾಗಿರುತ್ತದೆ.

ಸಾರಿಗೆ ಇಲಾಖೆಯ ವಿಂಟೇಜ್ ಬೇರೆ. 2021ರ ಜುಲೈನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಕ್ಕೆ ಸೇರಿಸಿದ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಛಾಸಿ, ಬಾಡಿ, ಎಂಜಿನ್‌ನಲ್ಲಿ ಭಾರಿ ಬದಲಾವಣೆ ಆಗಿರದ ದ್ವಿಚಕ್ರ, ನಾಲ್ಕು ಚಕ್ರದ ಗಾಡಿಗಳು ವಿಂಟೇಜ್. ಹೊಸ ನೋಂದಣಿಗೆ 20,000 ಶುಲ್ಕ, 10 ವರ್ಷದ ಅವಧಿ, ಮರುನೋಂದಣಿಗೆ 5,000. ಹೊಸದಾಗಿ ನೋಂದಣಿಯಾದವಕ್ಕೆ ‘ವಿಎ’ ಸರಣಿಯ ನಂಬರು ಬರುತ್ತದೆ. ಹಿಂದೆಯೇ ನೋಂದಣಿ ಆಗಿದ್ದರೆ ಹಳೆಯ ನಂಬರ್ ಉಳಿಯುತ್ತದೆ, ಹಾಗಾಗಿ ಪ್ಲೇಟ್ ನೋಡಿ ಏನೂ ತಿಳಿಯುವುದಿಲ್ಲ, ಆರ್‌ಸಿಯನ್ನೇ ನೋಡಬೇಕು. ಹೀಗೆ ನೋಂದಾಯಿಸಿದ ಖಾಸಗಿ ಕಾರಿಗೆ 2022ರ ಜೂನ್ 1ರಿಂದ ಥರ್ಡ್ ಪಾರ್ಟಿ (ಬೇರೆಯವರಿಗಾದ ಹಾನಿಯ) ಪ್ರೀಮಿಯಂ ಅರ್ಧ: ಫಿಯೆಟ್‌ನಂಥ 1089 ಸಿಸಿ ಕಾರಿಗೆ 3,416ರ ಬದಲು 1,708.

ಈ ಅರ್ಧದ ಆಸೆಗೆ ಬಿದ್ದು ನೋಂದಣಿ ಬದಲಿಸಬೇಡಿ. ವಿಂಟೇಜ್ ಎಂದು ನೋಂದಣಿ ಆದ ಮೇಲೆ ರಸ್ತೆಗಿಳಿಸಲು ಇರುವ ಕಾರಣಗಳು ಬೆರಳೆಣಿಕೆ: ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ‍್ಯಾಲಿ, ಇಂಧನ ತುಂಬಿಸುವುದು, ರಿಪೇರಿ, ಇವುಗಳಿಗೆ ಹೋಗಿಬರುವ ದಾರಿ. ದಿನದ ಓಡಾಟ, ವ್ಯಾಪಾರದ ಬಳಕೆ ಎರಡೂ ನಿಷಿದ್ಧ. ಭಾನುವಾರ ಮನೆಯವರನ್ನು ಕೂರಿಸಿಕೊಂಡು ಶ್ರೀರಂಗಪಟ್ಟಣಕ್ಕೆ ಹೋಗಿ ಬರಬೇಕು ಎಂಬ ಆಸೆ ಇರುವವರಿಗೆ ಇದು ಸರಿಹೋಗುವುದಿಲ್ಲ. ಅವರು ಸಾಮಾನ್ಯ ನೋಂದಣಿಯನ್ನೇ 5 ವರ್ಷಕ್ಕೊಮ್ಮೆ ನವೀಕರಿಸಿಕೊಂಡು ಹೋಗುವುದು ಒಳ್ಳೆಯದು. ಆದರೆ ತಪ್ಪದೆ ನವೀಕರಿಸಿ. ನೋಂದಣಿ ಅವಧಿ ಮುಗಿದ ಗಾಡಿಯ ಕ್ಲೇಮ್ ತಿರಸ್ಕರಿಸಿದ್ದನ್ನು 2014ರಲ್ಲಿ ಸುಪ್ರೀಂ ಕೋರ್ಟ್ ಸರಿ ಎಂದಿದೆ.

ರ‍್ಯಾಲಿಗೆ ಹೋಗುವವರು ಐಎಂಟಿ-31 ಹೆಸರು ನೆನಪಿಡಿ. ಮೆರವಣಿಗೆಯ ಹಾಗೆ ಸಾಲಾಗಿ ಹೋಗುವುದು ಒಂದು, ಸಮಯ ಅಳೆದು ಅಂಕ ಕೊಡುವ ರ‍್ಯಾಲಿ ಇನ್ನೊಂದು. ಎರಡನೆಯದಕ್ಕೆ ಸಾಮಾನ್ಯ ಪಾಲಿಸಿ ಸಾಲದು. ಸಂಘಟಕರ ಆಹ್ವಾನಪತ್ರ, ದಿನಾಂಕ, ಮಾರ್ಗ ಕೊಟ್ಟು ಆ ದಿನಗಳಿಗೆ ಹೆಚ್ಚುವರಿ ಪ್ರೀಮಿಯಂ ಕಟ್ಟಿ ಎಂಡಾರ್ಸ್‌ಮೆಂಟ್ ಪಡೆಯಬೇಕು, ಅದೂ ಗಾಡಿ ಹೊರಡುವ ಮೊದಲು. ವರ್ಷದಲ್ಲಿ ಬಹಳ ತಿಂಗಳು ಶೆಡ್‌ನಲ್ಲೇ ನಿಲ್ಲುವ ಗಾಡಿಗೆ ಐಎಂಟಿ-11 ಇದೆ: ಸತತ 2 ತಿಂಗಳಾದರೂ ನಿಲ್ಲಿಸುವುದಾದರೆ ಬರೆದುಕೊಟ್ಟು, ಬೆಂಕಿ, ಕಳವಿನಂಥ ಹಾನಿಗಷ್ಟೇ ರಕ್ಷಣೆ ಇಟ್ಟುಕೊಳ್ಳಬಹುದು. ಆ ಅವಧಿಯಲ್ಲಿ ಬ್ಯಾಟರಿ ಚಾರ್ಜ್ ಆಗಲಿ ಎಂದು ಬೀದಿ ಕೊನೆವರೆಗೂ ಓಡಿಸುವಂತಿಲ್ಲ.

ಪಾಲಿಸಿ ಮಾಡಿಸುವಾಗ ವೆಬ್‌ಸೈಟ್ ಬಿಟ್ಟು ಶಾಖೆಗೆ ಹೋಗಿ. ಹೋಗುವ ಮುನ್ನ ಲೈಸೆನ್ಸ್ ಇರುವ ಸರ್ವೇಯರ್ ಅಥವಾ ವ್ಯಾಲ್ಯುಯರ್ ಹತ್ತಿರ ಮೌಲ್ಯಮಾಪನ ವರದಿ ಮಾಡಿಸಿ. ಬಾಡಿ, ಕ್ರೋಮ್, ಎಂಜಿನ್ ಬೋರಿಂಗ್, ಬಿಡಿಭಾಗದ ಬಿಲ್ಲುಗಳ ನಕಲು ಜೊತೆಗಿರಲಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಲ್ ಇಲ್ಲದೆ ತಂದ ಸಾಮಾನಿಗೆ ಆಮೇಲೆ ಬೆಲೆ ಕಟ್ಟಿಸುವುದು ಕಷ್ಟ, ಕೊಳ್ಳುವಾಗಲೇ ಕೇಳಿ ಪಡೆಯಿರಿ. ನಾಲ್ಕೂ ಮೂಲೆಯಿಂದ ಫೋಟೊ, ಡ್ಯಾಶ್‌ಬೋರ್ಡ್, ಓಡಿದ ಕಿಲೋಮೀಟರ್, ಛಾಸಿ ಪ್ಲೇಟ್, ಎಂಜಿನ್ ಮೇಲೆ ಕೊರೆದ ನಂಬರು ತೆಗೆದಿಡಿ. ಆ ನಂಬರನ್ನು ಆರ್‌ಸಿ ಜೊತೆ ಒಂದೊಂದೇ ಅಂಕಿ ತಾಳೆ ನೋಡಿ. ಅಂಬಾಸಿಡರ್‌ಗಳಲ್ಲಿ ಮೂಲ ಎಂಜಿನ್ ತೆಗೆದು ಬೇರೆ ಕೂರಿಸಿದ್ದು ಬಹಳ, ಆರ್‌ಸಿಯಲ್ಲಿ ಮಾತ್ರ ಹಳೆಯದೇ ಇರುತ್ತದೆ. ಇದನ್ನು ಆರ್‌ಟಿಒದಲ್ಲಿ ಸರಿಮಾಡಿಸದೆ ಪಾಲಿಸಿ ಮಾಡಿಸಿದರೆ ಕ್ಲೇಮ್‌ನಲ್ಲಿ ಮೊದಲು ಎದ್ದು ಕಾಣುವುದು ಅದೇ.

ಪ್ರೊಪೋಸಲ್ ಫಾರಂ ಏಜೆಂಟ್ ತುಂಬಲು ಬಿಡಬೇಡಿ. ಬಳಕೆಯ ಬಗ್ಗೆ, ವಿಂಟೇಜ್ ಪ್ರಮಾಣಪತ್ರದ ಬಗ್ಗೆ ಅದರಲ್ಲಿ ನೇರ ಪ್ರಶ್ನೆಗಳಿವೆ. ಪಾಲಿಸಿ ಬಂದ ದಿನವೇ ಐಡಿವಿ, ನಂಬರುಗಳು, ಎಂಡಾರ್ಸ್‌ಮೆಂಟ್ ಪಟ್ಟಿ ನೋಡಿ, ತಪ್ಪಿದ್ದರೆ ಇಮೇಲ್‌ನಲ್ಲೇ ತಿದ್ದಿಸಿ. ಸೆಕೆಂಡ್ ಹ್ಯಾಂಡ್ ಕೊಂಡವರು ಪಾಲಿಸಿಯನ್ನು 14 ದಿನದೊಳಗೆ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಥರ್ಡ್ ಪಾರ್ಟಿ ತಾನಾಗಿ ವರ್ಗವಾಗುತ್ತದೆ, ಸ್ವಂತ ಹಾನಿಯದು ಆಗುವುದಿಲ್ಲ. ಹಳೆಯ ಮಾಲೀಕರ ಹೆಸರಲ್ಲೇ ವರ್ಷಗಟ್ಟಲೆ ಓಡಿಸುವ ಅಭ್ಯಾಸ ಈ ಹವ್ಯಾಸದಲ್ಲಿ ತುಂಬಾ ಇದೆ, ದಯವಿಟ್ಟು ಬಿಡಿ.

ಕ್ಲೇಮ್ ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಕೇಳಿ ಪಡೆಯಿರಿ. ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆಯಿರಿ. 30 ದಿನದಲ್ಲಿ ಉತ್ತರ ಬರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನ ಇನ್ಶೂರೆನ್ಸ್ ಒಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರೂ ಬೇಕಿಲ್ಲ. ಸರ್ವೇಯರ್ ವರದಿಯ ಪ್ರತಿ ಕೇಳಿ ಪಡೆದು ದೂರಿನ ಜೊತೆ ಲಗತ್ತಿಸಿ.