ಮೊಟ್ಟೆ ಗೊಟಾಯಿಸಲು ಯಾವುದು ಮೇಲು: ಕಾಫಿ ಮೆಷಿನ್ನಿನ ಹಬೆಯೋ, ಬಾಣಲೆಯೋ, ಮೈಕ್ರೋವೇವೋ?

ಎರಡು ಮೊಟ್ಟೆ, ಮೆತ್ತಗೆ, ಎಲ್ಲೂ ಗಟ್ಟಿ ತುಣುಕಿಲ್ಲದೆ ಬೇಯಬೇಕು ಅಂದರೆ ನನ್ನ ಮತ ಎಸ್ಪ್ರೆಸೊ ಮೆಷಿನ್ನಿನ ಸ್ಟೀಮ್ ವಾಂಡ್‌ಗೆ, ಅಂದರೆ ಹಾಲಿಗೆ ಹಬೆ ಬಿಡುವ ಆ ಉಕ್ಕಿನ ಕೊಳವೆಗೆ. ಬಾಣಲೆಗೆ ಎರಡನೇ ಸ್ಥಾನ. ಮೈಕ್ರೋವೇವ್ ಬೇರೆ ದಾರಿ ಇಲ್ಲದಾಗ ಮಾತ್ರ. ನ್ಯೂಯಾರ್ಕಿನ ಬುವೆಟ್ ರೆಸ್ಟೋರೆಂಟಿನಲ್ಲಿ ಬಾಣಸಿಗರಾದ ಜೋಡಿ ವಿಲಿಯಮ್ಸ್ ಹೀಗೆ ಹಬೆಯಲ್ಲೇ ಮೊಟ್ಟೆ ಬೇಯಿಸಿ ಬಡಿಸುತ್ತಾರೆ. ಮನೆಯ ಮೆಷಿನ್ನಿನಲ್ಲೂ ಇದು ಚೆನ್ನಾಗಿಯೇ ಆಗುತ್ತದೆ, ಒಂದು ಕಿರಿಕಿರಿಯನ್ನು ನಿಭಾಯಿಸಲು ಗೊತ್ತಿದ್ದರೆ.

ಹಬೆಯ ಮೊಟ್ಟೆ ಯಾಕೆ ರುಚಿ ಅನ್ನುವುದಕ್ಕೆ ಸರಳ ಕಾರಣವಿದೆ. ಬಾಣಲೆಯಲ್ಲಿ ಶಾಖ ತಳದಿಂದ ಬರುತ್ತದೆ, ಹಾಗಾಗಿ ತಳಕ್ಕೆ ತಾಗಿದ ಪದರ ಮೇಲಿನದಕ್ಕಿಂತ ಯಾವಾಗಲೂ ಮುಂದಿರುತ್ತದೆ. ಮೊಟ್ಟೆಯ ಬಿಳಿ 62 ಡಿಗ್ರಿಯ ಆಸುಪಾಸಿನಲ್ಲಿ ಗಟ್ಟಿಯಾಗಲು ಶುರುವಾಗುತ್ತದೆ, ಹಳದಿ 65ರ ಮೇಲೆ. ಗೊಟಾಯಿಸಿದ ಮೊಟ್ಟೆ 71ರಿಂದ 74 ಡಿಗ್ರಿಗೆ ಬಂದರೆ ಸಾಕು. ಅದನ್ನು ಬಹಳ ದಾಟಿದರೆ ನೀರು ಬಿಟ್ಟುಕೊಂಡು ರಬ್ಬರಾಗುತ್ತದೆ. ವಾಂಡ್‌ನಿಂದ ಬರುವ ಹಬೆ ಮೊಟ್ಟೆಯ ಒಳಗೇ ತಣಿದು ನೀರಾಗುತ್ತಾ ತನ್ನ ಶಾಖವನ್ನೆಲ್ಲ ಅಲ್ಲೇ ಬಿಡುತ್ತದೆ, ಜೊತೆಗೆ ಸುಳಿ ಎಬ್ಬಿಸಿ ಕಲಕುತ್ತದೆ. ಮೊಟ್ಟೆ ಹಾಕಿದ ಜಗ್ಗಿನ ಗೋಡೆ ಮೊಟ್ಟೆಯಷ್ಟೇ ಬಿಸಿ, ಅದಕ್ಕಿಂತ ಹೆಚ್ಚಲ್ಲ. ಆದ್ದರಿಂದ ಅಲ್ಲಿ ಹತ್ತುವುದೇ ಕಡಿಮೆ.

ಮಾಡುವ ಬಗೆ ಹೀಗೆ. ಎರಡು ದೊಡ್ಡ ಮೊಟ್ಟೆ (ಸಿಪ್ಪೆ ಬಿಟ್ಟು ಸುಮಾರು 100 ಗ್ರಾಂ), ಒಂದು ಚಿಟಿಕೆ ಉಪ್ಪು, ಸಣ್ಣಗೆ ಹೆಚ್ಚಿದ 10 ಗ್ರಾಂ ಬೆಣ್ಣೆ. ಬಿಳಿಯ ಎಳೆ ಒಂದೂ ಕಾಣದಷ್ಟು ಫೋರ್ಕಿನಿಂದ ಕಡೆಯಬೇಕು, ಇಲ್ಲದಿದ್ದರೆ ಆ ಎಳೆಗಳು ಬೇರೆಯಾಗಿ ಬೆಂದು ನಾರುನಾರಾಗುತ್ತವೆ. ಹಾಲು, ನೀರು ಬೇಡವೇ ಬೇಡ: ಫ್ರಿಜ್ಜಿನಿಂದ ತೆಗೆದ ಇಷ್ಟು ಮೊಟ್ಟೆ ಬೇಯುವಷ್ಟರಲ್ಲಿ ಸುಮಾರು 10 ಗ್ರಾಂ ಹಬೆ ನೀರಾಗಿ ಅದರೊಳಗೆ ಸೇರಿರುತ್ತದೆ. ಮೊದಲು ವಾಂಡ್ ತೆರೆದು, ಅದರಲ್ಲಿ ನಿಂತ ನೀರು ಹೋಗಿ ಒಣ ಹಬೆ ಬರುವವರೆಗೆ ಬಿಡಿ. ಈ ಹೆಜ್ಜೆ ತಪ್ಪಿಸಿದರೆ ಮೊಟ್ಟೆ ನೀರುನೀರಾಗುವುದು ಖಂಡಿತ.

ಜಗ್ 350 ಮಿಲಿಯದ್ದಿರಲಿ, ಅದಕ್ಕಿಂತ ದೊಡ್ಡದು ಬೇಡ. ಅದರಲ್ಲೂ ಎರಡು ಮೊಟ್ಟೆ ಎರಡೂವರೆ ಸೆಂಟಿಮೀಟರಿನಷ್ಟೇ ಏರುತ್ತದೆ. ಜಗ್ಗನ್ನು ಓರೆ ಹಿಡಿದು, ವಾಂಡ್‌ನ ತುದಿಯನ್ನು ತಳಕ್ಕೆ ತಾಗಿಸದೆ, ನಡುವಿನಿಂದ ಒಂದಿಷ್ಟು ಪಕ್ಕಕ್ಕೆ ಮುಳುಗಿಸಿ ಹಬೆಯನ್ನು ಪೂರ್ತಿ ತೆರೆಯಿರಿ. ಮೊದಲಿಗೆ ಏನೂ ಆಗದಂತೆ ಕಾಣುತ್ತದೆ. ಆಮೇಲೆ ಸುಯ್ಯೆನ್ನುವ ಸದ್ದು ಮಂದವಾಗಿ ಗುಳುಗುಳು ಆಗುತ್ತದೆ, ಅಂಚು ದಪ್ಪವಾಗುತ್ತದೆ. ಅಲ್ಲಿಂದ ಮುಂದಿನದು ಕೆಲವೇ ಸೆಕೆಂಡು. ಮೇಲ್ಮೈ ಇನ್ನೂ ಹೊಳೆಯುತ್ತಿರುವಾಗಲೇ ನಿಲ್ಲಿಸಿ ತಟ್ಟೆಗೆ ಸುರಿಯಬೇಕು. ಜಗ್ಗಿನಲ್ಲೇ ಬಿಟ್ಟರೆ ಒಳಗಿನ ಬಿಸಿಗೇ ಬೇಯುತ್ತಾ ಹೋಗುತ್ತದೆ. ದೊಡ್ಡ ಬಾಯ್ಲರಿನ ಮೆಷಿನ್ನಿನಲ್ಲಿ ಅರ್ಧ ನಿಮಿಷದೊಳಗೆ ಮುಗಿಯುತ್ತದೆ, ಬಾಯ್ಲರಿನ ಬದಲು ಬಿಸಿ ಲೋಹದ ಗಟ್ಟಿಯಲ್ಲಿ ನೀರು ಕಾಯಿಸುವ ಚಿಕ್ಕ ಥರ್ಮೋಬ್ಲಾಕ್‌ನದಕ್ಕೆ ನಿಮಿಷದ ಹತ್ತಿರ ಬೇಕು. ಮಕ್ಕಳಿಗೆ, ಬಸುರಿಯರಿಗೆ ಕೊಡುವುದಾದರೆ ಥರ್ಮಾಮೀಟರ್ ಇಟ್ಟು 71 ದಾಟಿದ್ದನ್ನು ಖಚಿತ ಮಾಡಿಕೊಳ್ಳಿ.

ಇನ್ನು ಆ ಕಿರಿಕಿರಿ. ಬಾಣಲೆಯಲ್ಲಿ ತಳ ಹಿಡಿಯುವುದು ಹಬೆಯಲ್ಲಿ ಇಲ್ಲವಾಗುವುದಿಲ್ಲ, ಜಾಗ ಬದಲಿಸುತ್ತದೆ ಅಷ್ಟೇ. ಇಲ್ಲಿ ಎಲ್ಲಕ್ಕಿಂತ ಬಿಸಿಯಾದದ್ದು ವಾಂಡ್. ಮೆಷಿನ್ನಿನ ಗೇಜು ಒಂದು ಬಾರ್ ಒತ್ತಡ ತೋರಿಸುವಾಗ ಹಬೆ 120 ಡಿಗ್ರಿಯಲ್ಲಿರುತ್ತದೆ, ಅದು ಹಾಯುವ ಉಕ್ಕೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ಮೊಟ್ಟೆ ಅದಕ್ಕೆ ಹಾಲಿಗಿಂತ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ.

ಹೊರಗೆ ಕಚ್ಚಿದ್ದನ್ನು ಒರೆಸಬಹುದು. ತಲೆನೋವು ಒಳಗೆ ಹೋದದ್ದು. ಹಬೆ ನಿಲ್ಲಿಸಿದ ಕೂಡಲೇ ಕೊಳವೆಯಲ್ಲಿ ಉಳಿದ ಹಬೆ ನೀರಾಗುತ್ತದೆ. ನೀರಾದಾಗ ಅದು ಹಿಡಿಯುವ ಜಾಗ ಸುಮಾರು 1,600 ಪಟ್ಟು ಕುಗ್ಗುತ್ತದೆ. ಒಳಗೆ ನಿರ್ವಾತ ಉಂಟಾಗಿ ತುದಿಯ ತೂತುಗಳು ಮೊಟ್ಟೆಯನ್ನು ಮೇಲಕ್ಕೆ ಹೀರುತ್ತವೆ. ಅದು ಅಲ್ಲೇ ಬೆಂದು ಮಿಲಿಮೀಟರ್ ಅಗಲದ ತೂತಿಗೆ ಬೆಣೆ ಹೊಡೆದಂತೆ ಕೂರುತ್ತದೆ. ಮರುದಿನ ನಾಲ್ಕು ತೂತಿನ ಪೈಕಿ ಎರಡರಲ್ಲಿ ಮಾತ್ರ ಹಬೆ ಬಂದರೆ ಕಾರಣ ಇದೇ.

ತಪ್ಪಿಸಲು ಕೈ ಚುರುಕಿರಬೇಕು. ಹಬೆ ನಿಲ್ಲಿಸಿ, ತಕ್ಷಣ ಜಗ್ ಇಳಿಸಿ, ಒದ್ದೆ ಬಟ್ಟೆಯನ್ನು ತುದಿಗೆ ದಪ್ಪವಾಗಿ ಸುತ್ತಿ ಮೂರು-ನಾಲ್ಕು ಸೆಕೆಂಡು ಮತ್ತೆ ಹಬೆ ಬಿಡಿ (ಕೈ ಜೋಪಾನ). ತಟ್ಟೆಗೆ ಸುರಿಯುವುದು ಇದಾದ ಮೇಲೆ. ನಂತರ ವಾಂಡ್ ಒರೆಸಿ, ಆರಿದ ಮೇಲೆ ತುದಿ ಬಿಚ್ಚಿ ತಣ್ಣೀರಿನಲ್ಲಿ ನೆನೆಹಾಕಿ. ಬಿಸಿನೀರು ಬೇಡ, ಬೇಯದೆ ಉಳಿದ ಲೋಳೆಯೂ ಅದರಲ್ಲಿ ಗಟ್ಟಿಯಾಗುತ್ತದೆ. ಆಮೇಲೂ ಉಳಿದದ್ದಕ್ಕೆ ಹಾಲಿನ ಕೊಳವೆ ತೊಳೆಯುವ ಕ್ಷಾರ ದ್ರಾವಣ, ತೂತಿಗೆ ಸೂಜಿ. ಇಷ್ಟನ್ನೂ ಮಾಡದೆ ಅದೇ ವಾಂಡ್ ಹಾಲಿಗೆ ಇಟ್ಟರೆ ಲ್ಯಾಟೆಯಲ್ಲಿ ಮೊಟ್ಟೆ ವಾಸನೆ ಗ್ಯಾರಂಟಿ. ಮನೆಯಲ್ಲಿ ಮೊಟ್ಟೆ ಅಲರ್ಜಿಯವರಿದ್ದರೆ, ಅಥವಾ ಮೊಟ್ಟೆಯನ್ನೇ ಮುಟ್ಟದವರಿದ್ದರೆ, ಈ ಕೆಲಸಕ್ಕೆ ಕೈ ಹಾಕಲೇಬೇಡಿ.

ತುದಿಗೆ ಗಾಳಿ ಎಳೆಯುವ ತೋಳು ತೊಡಿಸಿದ ಪನಾರೆಲ್ಲೊ ವಾಂಡ್ ಇದಕ್ಕೆ ಒಗ್ಗದು: ಮೊಟ್ಟೆ ನೊರೆಯಾಗುತ್ತದೆ, ತೋಳಿನೊಳಗೆ ಮೆತ್ತಿಕೊಂಡದ್ದು ಕಾಣುವುದೂ ಇಲ್ಲ. ತಾನೇ ಹಾಲು ಎಳೆದುಕೊಳ್ಳುವ ಆಟೋಮ್ಯಾಟಿಕ್ ಮೆಷಿನ್ನಿಗಂತೂ ಮೊಟ್ಟೆ ತೋರಿಸಲೇಬಾರದು. ಎರಡು ಪದರದ, ಮುಟ್ಟಿದರೆ ಸುಡದ ವಾಂಡ್ ಇದ್ದರೆ ಅದೃಷ್ಟ. ಹೊರಮೈಗೆ ಅಂಟುವುದು ತೀರಾ ಕಡಿಮೆ.

ಬಾಣಲೆಯ ಗೆಲುವು ಎರಡು ಕಡೆ. ಈರುಳ್ಳಿ, ಮೆಣಸಿನಕಾಯಿ ಹುರಿದು ಅದರ ಮೇಲೆ ಮೊಟ್ಟೆ ಒಡೆಯುವುದು, ಅಂಚು ಕೆಂಪಗಾಗುವುದು, ಇವು ಹಬೆಯಲ್ಲಿ ಸಾಧ್ಯವೇ ಇಲ್ಲ. ನಾಲ್ಕು ಮೊಟ್ಟೆ ದಾಟಿದರೂ ಬಾಣಲೆಯೇ ಸರಿ. ಸಣ್ಣ ಉರಿಯಲ್ಲಿ ಬೆಣ್ಣೆ ಹಾಕಿ ಕೈಬಿಡದೆ ತಿರುವಿದರೆ ಹಬೆಯ ಮೊಟ್ಟೆಯ ಹತ್ತಿರ ಬರುತ್ತದೆ, ಆದರೆ ಐದಾರು ನಿಮಿಷ ಒಲೆ ಬಿಟ್ಟು ಕದಲುವಂತಿಲ್ಲ.

ಮೈಕ್ರೋವೇವ್: 20 ಸೆಕೆಂಡಿಗೊಮ್ಮೆ ತೆಗೆದು ಕಲಕಿದರೂ ಅಂಚು ರಬ್ಬರು, ನಡುವೆ ಹಸಿ.

ನಾನು ಕಾಫಿಗೆ ಹಾಲು ಹಾಕುವುದಿಲ್ಲ, ಹಾಗಾಗಿ ಖಾಲಿ ನಿಂತ ವಾಂಡ್ ಮೊಟ್ಟೆಗೆ ಮೀಸಲು. ದಿನವೂ ಹಾಲು ಬಿಸಿ ಮಾಡುವವರು ಮೊಟ್ಟೆಗೆಂದೇ ಇನ್ನೊಂದು ತುದಿ ಕೊಂಡು ಬದಲಿಸಿ ಹಾಕಿಕೊಳ್ಳಲಿ, ಮೆಷಿನ್ನಿನ ಬೆಲೆಯ ಮುಂದೆ ಅದು ಸಣ್ಣ ಖರ್ಚು. ಕೊಳ್ಳುವ ಮೊದಲು ತುದಿಯ ತಿರುಪಿನ ಮರೆಯ (ಥ್ರೆಡ್) ಅಳತೆ ನೋಡಿ, ಮೆಷಿನ್ನಿನಿಂದ ಮೆಷಿನ್ನಿಗೆ ಅದು ಬೇರೆ. ಬರೀ ಮೊಟ್ಟೆಗಾಗಿ ಎಸ್ಪ್ರೆಸೊ ಮೆಷಿನ್ ಕೊಳ್ಳುವ ಯೋಚನೆಯಿದ್ದರೆ ಆ ದುಡ್ಡಿನಲ್ಲಿ ಒಳ್ಳೆಯ ನಾನ್‌ಸ್ಟಿಕ್ ಬಾಣಲೆ ತನ್ನಿ.