ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅಂದರೆ ಮೊದಲು ಪ್ಲಗ್ ಕೀಳಿ

ಮಂಗಳೂರಿನಲ್ಲಿರುವ ನಮ್ಮ ಭಾವನ ಒಂದು ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಹೋಯಿತು. ಮಕ್ಕಳ ನಾಮಕರಣದಿಂದ ಹಿಡಿದು ಗೃಹಪ್ರವೇಶದವರೆಗಿನ ಫೋಟೋಗಳೆಲ್ಲ ಅದರಲ್ಲೇ. ಬೇರೆ ಕಾಪಿ ಇಲ್ಲ. ಡಿಸ್ಕ್ ಕೆಟ್ಟಾಗ ಅರ್ಧ ಜೀವ ಇತ್ತು. ಪೂರ್ತಿ ತೆಗೆದದ್ದು ಮನೆಮದ್ದು.

ಮೊದಲು ಫೋಲ್ಡರ್ ತೆರೆಯಲು ತಡವಾಗುತ್ತಿತ್ತು. ಆಮೇಲೆ ವಿಂಡೋಸ್, ಡ್ರೈವ್‌ನಲ್ಲಿ ತೊಂದರೆ ಇದೆ, ಸ್ಕ್ಯಾನ್ ಮಾಡಿ ಸರಿಪಡಿಸಲೇ ಅಂತ ಕೇಳಿತು. ಭಾವ ಹೂಂ ಅಂದರು. ಯಾರಾದರೂ ಅನ್ನುತ್ತಾರೆ, ಅಲ್ವಾ? ರಾತ್ರಿಯಿಡೀ ಚೆಕ್‌ಡಿಸ್ಕ್, ಅಂದರೆ ಡಿಸ್ಕ್ ಪರೀಕ್ಷಿಸಿ ಸರಿಪಡಿಸುವ ವಿಂಡೋಸ್‌ನದೇ ಪ್ರೋಗ್ರಾಂ, ಓಡಿತು. ಬೆಳಿಗ್ಗೆ ನೋಡಿದರೆ ಎಷ್ಟೋ ಫೋಲ್ಡರ್‌ಗಳೇ ಮಾಯ. ಅವುಗಳ ಬದಲು ಫೌಂಡ್.000 ಅನ್ನುವ ಫೋಲ್ಡರ್, ಅದರೊಳಗೆ ಹೆಸರು ಕಳೆದುಕೊಂಡ ಸಿಎಚ್‌ಕೆ ಫೈಲ್‌ಗಳು. ಚೆಕ್‌ಡಿಸ್ಕ್‌ಗೆ ನಿಮ್ಮ ಫೋಟೋ ಮುಖ್ಯ ಅಲ್ಲ, ಡಿಸ್ಕಿನ ಲೆಕ್ಕ ತಾಳೆಯಾದರೆ ಸಾಕು. ತಾಳೆಯಾಗದ್ದನ್ನು ಕಿತ್ತು ಹಾಕುತ್ತದೆ, ಅದೂ ಅದೇ ಡಿಸ್ಕಿನ ಮೇಲೆ ಬರೆದು.

ಮುಂದೆ ಯಾವುದೋ ಕ್ರ್ಯಾಕ್ ಮಾಡಿದ ರಿಕವರಿ ಸಾಫ್ಟ್‌ವೇರ್ ಬಂತು. ಸಿಕ್ಕ ಫೈಲ್‌ಗಳನ್ನು ಭಾವ ಅದೇ ಡಿಸ್ಕಿಗೆ ಸೇವ್ ಮಾಡಿದರು. ಹಾಗೆ ಮಾಡಿದರೆ ಇನ್ನೂ ಸಿಗಬೇಕಾದ ಫೋಟೋಗಳ ಮೇಲೇ ಹೊಸದು ಬರೆದುಕೊಳ್ಳುತ್ತದೆ. ಸ್ಕ್ಯಾನ್ ನಡುವೆಯೇ ಟಿಕ್ ಟಿಕ್ ಸದ್ದು ಶುರುವಾಯಿತು.

ಆ ಸದ್ದು ಕೇಳಿದ ಕೂಡಲೇ ಕರೆಂಟ್ ತೆಗೆಯಬೇಕು. ಒಳಗಿನ ತಟ್ಟೆ ನಿಮಿಷಕ್ಕೆ 5400 ಅಥವಾ 7200 ಸುತ್ತು ತಿರುಗುತ್ತಿರುತ್ತದೆ. ಓದುವ ಹೆಡ್ ಅದರ ಮೇಲೆ ಕೆಲವೇ ನ್ಯಾನೋಮೀಟರ್ ಅಂತರದಲ್ಲಿ ತೇಲುತ್ತದೆ. ಜಾಗ ಸಿಗದೆ ಹೆಡ್ ಹಿಂದೆ ಹೋಗಿ ಮತ್ತೆ ಬರುವಾಗಲೇ ಸಾಮಾನ್ಯವಾಗಿ ಆ ಟಿಕ್ ಬರುವುದು. ಹೆಡ್ ಕೆಟ್ಟಿದ್ದರೆ ತಟ್ಟೆಯನ್ನೇ ಗೀರಬಹುದು.

ಭಾವ ಅದನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರ್‌ನಲ್ಲಿಟ್ಟರು! ಇಂಟರ್ನೆಟ್‌ನಲ್ಲಿ ಈ ಉಪಾಯ ಇನ್ನೂ ಓಡಾಡುತ್ತಿದೆ. ಮಂಗಳೂರಿನ ಸೆಕೆಯಲ್ಲಿ ಹೊರಗೆ ತೆಗೆದರೆ ಏನಾಗುತ್ತದೆ? ತಣ್ಣಗಿನ ಲೋಹದ ಮೇಲೆ ನೀರು ಕೂರುತ್ತದೆ. ಕೊನೆಗೆ ಡೇಟಾ ರಿಕವರಿಯವರು ಬಿಚ್ಚಿ ಫೋಟೋ ಕಳಿಸಿದರು. ಕನ್ನಡಿಯಂಥ ತಟ್ಟೆಯ ಮೇಲೆ ಉಂಗುರದ ಹಾಗೆ ಬೂದು ಗೀರು. ಅಲ್ಲಿನ ಪದರವೇ ಕಿತ್ತು ಹೋಗಿತ್ತು. ಒಂದು ಫೋಟೋನೂ ಬರಲಿಲ್ಲ.

ಸದ್ದಿಲ್ಲದೆ ಬರೀ ನಿಧಾನ ಆಗಿದ್ದರೆ ಮನೆಯಲ್ಲೇ ಮಾಡಲು ದಾರಿ ಇದೆ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಅನ್ನುವ ಪ್ರೋಗ್ರಾಂನಲ್ಲಿ ಪೆಂಡಿಂಗ್ ಸೆಕ್ಟರ್, ಅಂದರೆ ಸರಿಯಾಗಿ ಓದಲು ಆಗದ ಜಾಗ, ಕಾಣಿಸಿದರೆ ರಿಪೇರಿ ಗೋಜಿಗೆ ಹೋಗಬೇಡಿ. ಲಿನಕ್ಸ್‌ನ ಡಿಡಿರೆಸ್ಕ್ಯೂ ಅನ್ನುವ ಪ್ರೋಗ್ರಾಂ ಬಳಸಿ ಇಡೀ ಡಿಸ್ಕನ್ನು ಬೇರೊಂದು ದೊಡ್ಡ ಡಿಸ್ಕಿಗೆ ಇಮೇಜ್ ಮಾಡಿ, ಅಂದರೆ ಇದ್ದದ್ದು ಇದ್ದ ಹಾಗೇ ನಕಲು ಮಾಡಿ. ಅದು ಚೆನ್ನಾಗಿರುವ ಭಾಗವನ್ನು ಮೊದಲು ಎತ್ತಿಕೊಂಡು, ಹಠ ಮಾಡುವ ಜಾಗಕ್ಕೆ ಆಮೇಲೆ ಬರುತ್ತದೆ. ಎಲ್ಲಿವರೆಗೆ ಓದಿದೆ ಅಂತ ಬರೆದಿಡುವ ಮ್ಯಾಪ್ ಫೈಲ್ ಕೊಟ್ಟಿದ್ದರೆ ನಡುವೆ ನಿಂತರೂ ನಿಂತಲ್ಲಿಂದ ಮುಂದುವರಿಸಬಹುದು. ಮೂಲ ಡಿಸ್ಕ್ ಯಾವುದು, ಹೊಸದು ಯಾವುದು ಅಂತ ಮಾತ್ರ ಚೆನ್ನಾಗಿ ನೋಡಿಕೊಳ್ಳಿ, ಅದಲು ಬದಲಾದರೆ ಕಥೆ ಮುಗಿಯಿತು. ಕಳೆದ ಫೈಲ್ ಹುಡುಕಿಕೊಡುವ ಟೆಸ್ಟ್‌ಡಿಸ್ಕ್, ಫೋಟೋರೆಕ್ ಎರಡೂ ಉಚಿತ. ಅವನ್ನು ಮೂಲ ಡಿಸ್ಕಿನ ಮೇಲಲ್ಲ, ಆ ಇಮೇಜ್ ಮೇಲೆ ಓಡಿಸಿ.

ಅದೇ ಮಾಡೆಲ್‌ನ ಇನ್ನೊಂದು ಡಿಸ್ಕಿನ ಸರ್ಕ್ಯೂಟ್ ಬೋರ್ಡ್ ಹಾಕಿದರೆ ಸಾಕು ಅನ್ನುವವರೂ ಇದ್ದಾರೆ. ಈಗಿನ ಡಿಸ್ಕ್‌ಗಳಲ್ಲಿ ಅದು ಸುಮ್ನೆ ನಡೆಯಲ್ಲ. ಆಯಾ ಡಿಸ್ಕಿಗೆ ಹೊಂದಿಸಿದ ಮಾಹಿತಿ ಬೋರ್ಡಿನ ರೋಮ್ (ROM) ಚಿಪ್‌ನಲ್ಲಿರುತ್ತದೆ. ಅದನ್ನೂ ವರ್ಗಾಯಿಸಬೇಕು.

ಸದ್ದು ಬಂದ ಡಿಸ್ಕನ್ನು ಡೇಟಾ ರಿಕವರಿಯವರಿಗೇ ಕೊಡಿ. ಧೂಳಿಲ್ಲದ ಕ್ಲೀನ್ ರೂಮ್‌ನಲ್ಲಿ ಬಿಚ್ಚುತ್ತಾರಾ, ಕೆಟ್ಟ ಹೆಡ್ ಬದಲಿಸಲು ಬಿಡಿಭಾಗಕ್ಕಾಗಿ ಕೊಳ್ಳುವ ಇನ್ನೊಂದು ಡಿಸ್ಕಿನ (ಡೋನರ್ ಡಿಸ್ಕ್) ದುಡ್ಡು ಯಾರದ್ದು, ಡೇಟಾ ಬರದಿದ್ದರೆ ಎಷ್ಟು ಕೊಡಬೇಕು ಅಂತ ಮೊದಲೇ ಕೇಳಿ, ವಾಟ್ಸಾಪ್‌ನಲ್ಲಾದರೂ ಬರೆಸಿಕೊಳ್ಳಿ.